ಪ್ರಾಣಾಂತಿಕ ವ್ಯಾಧಿಯಿಂದ ಉಳಿದವರಲ್ಲಿ ತೋರುವ ಪಿತ್ತನಾಳರೋಗ

ಕಣ್ಣಿನ ಬಿಳಿಭಾಗವೂ ಚರ್ಮವೂ ಮೂತ್ರವೂ ಹಳದಿಯಾದುದನ್ನು ಕಂಡೊಡನೆ ಜನರು ಕಾಮಾಲೆ ಬಂದಿತೆನ್ನುವರು. ಧಾರವಾಡ, ಹಾವೇರಿಗಳ ಕಡೆ ಇದಕ್ಕೆ ಕಾಮಣಿಯೆಂಬ ಹೆಸರೂ ಉಂಟು. ಆದರೆ ಹಳದಿಬಣ್ಣವು ರೋಗದ ಲಕ್ಷಣವೇ ಹೊರತು ರೋಗವಲ್ಲ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಅನುಮಾನಿಸಬಹುದು. ಅದು ಯಾವ ಕಟ್ಟಿಗೆಯ ಬೆಂಕಿಯೆಂಬುದನ್ನು ಹೊಗೆಯೊಂದೇ ತಿಳಿಸಲಾರದು. ಕಾಮಾಲೆಯ ವಿಷಯವೂ ಹಾಗೆಯೇ. ಪ್ರಾಣಾಂತಿಕ ವ್ಯಾಧಿಯಿಂದ ಬದುಕಿ ಮನೆಗೆ ಮರಳಿದವರಲ್ಲಿ ಕೆಲವು ವಾರಗಳ ಇಲ್ಲವೆ ತಿಂಗಳುಗಳ ತರುವಾಯ ತೋರುವ ಒಂದು ಬಗೆಯ ಕಾಮಾಲೆಯನ್ನು, ಅದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ವಿವರಿಸಲಾಗುವುದು.

ಕಾಮಾಲೆಯೆಲ್ಲ ಒಂದೇ ಅಲ್ಲವೆಂಬುದು ನಮ್ಮ ಪ್ರಾಚೀನರಿಗೆ ತಿಳಿದಿದ್ದಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗಾಧ್ಯಾಯದಲ್ಲಿ ಈ ರೋಗವನ್ನು ಕೋಷ್ಠಶಾಖಾಶ್ರಯವೆಂದೂ ಶಾಖಾಶ್ರಯವೆಂದೂ ವಿಭಾಗಿಸಿದೆ. ಮೊದಲನೆಯದರಲ್ಲಿ ಪಿತ್ತವು ಅತಿಯಾಗಿ ವೃದ್ಧಿಹೊಂದುವುದು. ಎರಡನೆಯದರಲ್ಲಿ ಅದರ ಮಾರ್ಗವೇ ಕಟ್ಟಿಹೋಗಿ ಮಲವು ಅರೆದ ಎಳ್ಳಿನಂತೆ ಬಿಳಿಚಿಕೊಳ್ಳುವುದು. ಪ್ರಾಚೀನರ ಪಿತ್ತದೋಷವೂ ಇಂದಿನವರು ಯಕೃತ್ತಿನಲ್ಲಿ ಕಾಣುವ ಪಿತ್ತರಸವೂ ಸರ್ವಥಾ ಒಂದೇ ಎಂದು ಹೇಳಲಾಗದು. ಆದರೂ ಹುಟ್ಟಿನ ದೋಷವನ್ನೂ ಮಾರ್ಗದ ದೋಷವನ್ನೂ ಬೇರೆಬೇರೆಯಾಗಿ ನೋಡಬೇಕೆಂಬ ಆ ವಿವೇಕವು ಇಂದಿಗೂ ಉಪಯುಕ್ತವಾದುದು. ಪ್ರಕೃತ ರೋಗವು ಮಾರ್ಗದೋಷದ ವರ್ಗಕ್ಕೆ ಸೇರುವುದು.

ಇದಕ್ಕೆ ಪಾಶ್ಚಾತ್ಯ ವೈದ್ಯರು ಇಟ್ಟ ಹೆಸರು ಸೆಕೆಂಡರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್. ಗ್ರೀಕ್ ಭಾಷೆಯಲ್ಲಿ ಸ್ಕ್ಲೀರೋಸ್ ಎಂದರೆ ಕಠಿನವಾದುದು, ಖೊಲೆ ಎಂದರೆ ಪಿತ್ತ, ಆಂಗೈಯಾನ್ ಎಂದರೆ ಪಾತ್ರೆ ಇಲ್ಲವೆ ನಾಳ. ಬೇರೊಂದು ವ್ಯಾಧಿಯ ಪರಿಣಾಮವಾಗಿ ಪಿತ್ತನಾಳಗಳು ಉರಿತಗೊಂಡು ಗಡುಸಾಗಿ ಕಿರಿದಾಗುವ ರೋಗವೆಂದು ಒಟ್ಟರ್ಥ.

ಯಕೃತ್ತಿನೊಳಗೆ ಪಿತ್ತನಾಳಗಳು ಮರದ ಕೊಂಬೆರೆಂಬೆಗಳಂತೆ ಹರಡಿಕೊಂಡಿರುವುವು. ಯಕೃತ್ತಿನ ಜೀವಕೋಶಗಳಿಗೆ ರಕ್ತವು ಎರಡು ದಾರಿಗಳಿಂದ ಬರುವುದು: ಕರುಳಿನ ಕಡೆಯಿಂದ ಬರುವ ದೊಡ್ಡ ಸಿರೆಯೊಂದು, ಹೃದಯದ ಕಡೆಯಿಂದ ಬರುವ ಧಮನಿಯೊಂದು. ಒಂದು ದಾರಿಯಲ್ಲಿ ಕೊರತೆಯಾದರೂ ಇನ್ನೊಂದು ಅವುಗಳನ್ನು ಸ್ವಲ್ಪ ಕಾಲ ಕಾಯುವುದು. ಪಿತ್ತನಾಳಗಳಿಗೆ ಈ ಭಾಗ್ಯವಿಲ್ಲ. ಧಮನಿಯಿಂದ ಹೊರಟ ಸೂಕ್ಷ್ಮನಾಳಗಳ ಜಾಲವೊಂದೇ ಅವುಗಳಿಗೆ ಆಹಾರ. ಎರಡು ಕಾಲುವೆಗಳಿಂದ ನೀರು ಪಡೆಯುವ ಹೊಲಕ್ಕೂ ಒಂದೇ ಕಾಲುವೆಯನ್ನು ನಂಬಿದ ಹೊಲಕ್ಕೂ ಬರಗಾಲದಲ್ಲಿ ಇರುವ ಅಂತರವೇ ಇಲ್ಲಿಯೂ ಇರುವುದು.

ನಂಜೇರಿದ ಜ್ವರ, ಘೋರವಾದ ಸುಟ್ಟಗಾಯ, ಭಾರಿ ಅಪಘಾತ, ಶ್ವಾಸಕೋಶದ ತೀವ್ರವೈಫಲ್ಯ ಮೊದಲಾದುವುಗಳಲ್ಲಿ ರಕ್ತದ ಒತ್ತಡವು ಕುಸಿಯುವುದು. ಅದನ್ನು ಎತ್ತಿಹಿಡಿಯಲು ಕೊಡುವ ಔಷಧಿಗಳು ರಕ್ತನಾಳಗಳನ್ನು ಸಂಕೋಚಗೊಳಿಸುವುವು; ಉಸಿರಾಟಕ್ಕೆ ನೆರವಾಗುವ ವೆಂಟಿಲೇಟರಿನ ಒತ್ತಡವೂ ಯಕೃತ್ತಿನ ರಕ್ತಸಂಚಾರವನ್ನು ಕುಗ್ಗಿಸಬಲ್ಲುದು. ಇವೆಲ್ಲವೂ ಪ್ರಾಣರಕ್ಷಣೆಗೆ ಅನಿವಾರ್ಯವಾದುವೇ. ಆದರೆ ಅಷ್ಟರಲ್ಲಿ ರಕ್ತವಿಲ್ಲದೆ ಬಳಲಿದ ಪಿತ್ತನಾಳಗಳ ಒಳಪೊರೆಯು ಸತ್ತು ಕಳಚಿಬೀಳುವುದು. ಪಿತ್ತರಸದ ತೀಕ್ಷ್ಣತೆಯಿಂದ ನಾಳವನ್ನು ಕಾಯುವ ಕ್ಷಾರದ ರಕ್ಷೆಯೂ ತಪ್ಪುವುದರಿಂದ ಆ ರಸವೇ ನಾಳವನ್ನು ಸುಡತೊಡಗುವುದು. ಕಳಚಿದ ಪೊರೆಯೂ ಗಟ್ಟಿಯಾದ ಪಿತ್ತವೂ ಸೇರಿ ನಾಳದೊಳಗೆ ಅಚ್ಚಿನಂತೆ ಕುಳಿತುಕೊಳ್ಳುವುವು. ಅಲ್ಲಿ ಸೂಕ್ಷ್ಮಜೀವಿಗಳು ನೆಲೆಸುವುವು. ಗಾಯವು ಮಾಯುವಾಗ ನಾಳಗಳು ಅಲ್ಲಲ್ಲಿ ಬಿಗಿದು, ಕಿರುಕೊಂಬೆಗಳು ಅಳಿದು, ಕೊನೆಗೆ ಉಳಿಯುವುದು ಸವರಿದ ಮರದ ಆಕೃತಿ. ಮುಂದೆ ಯಕೃತ್ತೇ ಗಂಟುಗಟ್ಟಿ ಕೆಡುವುದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಕಾಮಾಲೆಯನ್ನು ಅಷ್ಟು ಸೂಕ್ಷ್ಮವಾಗಿ ವಿಭಾಗಿಸಿದವರು ಇದನ್ನೇಕೆ ಪ್ರತ್ಯೇಕವಾಗಿ ಹೇಳಲಿಲ್ಲ? ಸಮಾಧಾನವು ಸುಲಭವಾಗಿದೆ. ಇದು ಬದುಕಿ ಉಳಿದವರ ರೋಗ. ಹಿಂದಿನ ಕಾಲದಲ್ಲಿ ಅಂಥ ರೋಗಿಯು ಮೂಲವ್ಯಾಧಿಯಿಂದಲೇ ತೀರಿಹೋಗುತ್ತಿದ್ದನು. ಈ ವಿಕಾರವು ಬೆಳೆಯುವಷ್ಟು ಆಯುಸ್ಸು ಅವನಿಗೆ ದೊರೆಯುತ್ತಿರಲಿಲ್ಲ. ತೀವ್ರನಿಗಾ ಘಟಕಗಳು ಬೆಳೆದ ಮೇಲೆಯೇ ಇದು ಕಣ್ಣಿಗೆ ಬಿದ್ದಿತು. ಜರ್ಮನಿಯ ವೈದ್ಯರು ಯಕೃತ್ತಿನ ಪೂರ್ವರೋಗವಿಲ್ಲದ ಮೂವರಲ್ಲಿ ಇದನ್ನು ಕಂಡು ೨೦೦೧ರಲ್ಲಿ ಪ್ರಕಟಿಸಿದರು. ೨೦೨೦ರಿಂದ ಹಬ್ಬಿದ ಕೋವಿಡ್ ಮಾರಿಯ ತರುವಾಯ ಇದರ ಪರಿಚಯವು ಹೆಚ್ಚಿತು. ನ್ಯೂಯಾರ್ಕಿನಿಂದ ೨೦೨೧ರಲ್ಲಿ ಹೊರಬಂದ ವರದಿಯೊಂದರಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ ೨೦೪೭ ಮಂದಿಯಲ್ಲಿ ೧೨ ಮಂದಿಗೆ ಇಂಥ ಪಿತ್ತನಾಳವಿಕಾರವು ತೋರಿತು. ಕೋವಿಡ್ ಗೊತ್ತಾದಂದಿನಿಂದ ಅದು ತೋರುವವರೆಗೆ ಸರಾಸರಿ ೧೧೮ ದಿನಗಳು ಕಳೆದಿದ್ದುವು. ರೋಗವು ವಿರಳವೆಂಬುದೂ, ತಡವಾಗಿ ತೋರುವುದೆಂಬುದೂ ಇದರಿಂದ ವ್ಯಕ್ತವಾಗುವುವು.

ತಡವಾಗಿ ತೋರುವುದೇ ಅನರ್ಥಕ್ಕೆ ಮೂಲ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಿನಿಂದ ರೋಗಿಯೊಬ್ಬನನ್ನು ಹುಬ್ಬಳ್ಳಿಗೆ ಸಾಗಿಸಿದರೆಂದೂ, ೧೯೫೭ರಿಂದ ವೈದ್ಯಕೀಯ ಕಾಲೇಜುಳ್ಳ ಆ ನಗರದಲ್ಲಿ ಅವನ ಪ್ರಾಣವುಳಿಯಿತೆಂದೂ ಭಾವಿಸೋಣ. ಮೂರು ತಿಂಗಳ ಮೇಲೆ ಮನೆಯಲ್ಲಿ ಅವನ ಕಣ್ಣು ಹಳದಿಯಾದರೆ ಅದನ್ನು ಹಳೆಯ ವ್ಯಾಧಿಯೊಡನೆ ಯಾರೂ ಕೂಡಿಸಿ ನೋಡುವುದಿಲ್ಲ. ಮೂಗಿಗೆ ಸೊಪ್ಪಿನ ರಸ ಬಿಡಿಸುವುದು, ಕೈಗೆ ಬರೆ ಹಾಕಿಸುವುದು ನಡೆಯುವುದು. ಕಲುಷಿತವಾದ ನೀರಿನಿಂದ ಬರುವ ಸಾಮಾನ್ಯ ಕಾಮಾಲೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಈ ಉಪಚಾರಗಳಿಗೆ ಕೀರ್ತಿ ಬಂದಿದೆ. ಇದು ಕಾಕತಾಲೀಯ ನ್ಯಾಯ. ಪಿತ್ತನಾಳರೋಗವು ಹಾಗೆ ಇಳಿಯತಕ್ಕುದಲ್ಲ. ಕಾಯುತ್ತ ಕಳೆದ ಕಾಲವು ರೋಗಿಗೆ ನಷ್ಟವೇ.

ಆದುದರಿಂದ ಲಕ್ಷಣಗಳನ್ನು ಅರಿತಿರಬೇಕು. ನಿಗಾಘಟಕದಲ್ಲಿ ಬಹುದಿನ ಇದ್ದು ಬಂದವರಿಗೆ ಮೈಯೆಲ್ಲ ತುರಿಕೆ, ಕಂದುಬಣ್ಣದ ಮೂತ್ರ, ಕಣ್ಣಿನ ಹಳದಿ, ಚಳಿಯೊಡನೆ ಮರುಕಳಿಸುವ ಜ್ವರ ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ಹಿಂದಿನ ವ್ಯಾಧಿಯ ವೃತ್ತಾಂತವನ್ನು ತಪ್ಪದೆ ಹೇಳತಕ್ಕದ್ದು. ಚಳಿಜ್ವರವು ನಾಳದೊಳಗಿನ ಸೋಂಕನ್ನು ಸೂಚಿಸಬಹುದಾದುದರಿಂದ ಆಗ ಒಂದು ದಿನವೂ ತಡೆಯಲಾಗದು. ಅಡಚಣೆಯು ಸಣ್ಣ ಕೊಂಬೆಗಳಲ್ಲಿ ಇರುವುದರಿಂದ ಮಲವು ಬಿಳಿಚದೆಯೂ ಇರಬಹುದು. ಹಳದಿಯು ತೋರುವ ಮೊದಲೇ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ದ್ರವ್ಯವು ಏರಿ, ಮೂಲವ್ಯಾಧಿಯು ಶಮನವಾದರೂ ಇಳಿಯದಿರುವುದು. ಹೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ದೋಷವು ಕಾಣದೆ ಹೋಗಬಹುದು, ಎಮ್.ಆರ್.ಸಿ.ಪಿ. ಎಂಬ ಚಿತ್ರಪರೀಕ್ಷೆಯಲ್ಲಿ ನಾಳಗಳ ಸ್ಥಿತಿಯು ತಿಳಿಯುವುದು.

ಚಿಕಿತ್ಸೆಯು ಇನ್ನೂ ಪೂರ್ಣವಾಗಿಲ್ಲ. ಬಾಯಿಯ ಮೂಲಕ ದುರ್ಬೀನುನಳಿಕೆಯನ್ನು ಇಳಿಸಿ ನಾಳದೊಳಗಿನ ಅಚ್ಚುಗಳನ್ನು ತೆಗೆಯುವುದು, ಬಿಗಿದ ಎಡೆಗಳನ್ನು ಹಿಗ್ಗಿಸುವುದು, ಸೋಂಕನ್ನು ತಡೆಯುವುದು ಇವುಗಳಿಂದ ಉಪಶಮನವುಂಟು. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲವನ್ನು ಕೊಡುವ ವಾಡಿಕೆಯಿದ್ದರೂ ಅದರಿಂದ ಆಯುಸ್ಸು ಹೆಚ್ಚುವುದೆಂದು ಸಿದ್ಧವಾಗಿಲ್ಲ. ರೋಗವು ಮುಂದುವರಿದಲ್ಲಿ ಯಕೃತ್ತಿನ ಕಸಿಯೊಂದೇ ಉಪಾಯ. ಕಸಿಯಿಲ್ಲದೆ ಬದುಕುವ ಕಾಲದ ಮಧ್ಯಮಾನವು ಬೇರೆಬೇರೆ ವರದಿಗಳಲ್ಲಿ ಸುಮಾರು ಒಂದರಿಂದ ನಾಲ್ಕು ವರ್ಷಗಳೆಂದಿದೆ. ಅಂಗಾಂಗಗಳ ಕಸಿಗೆ ಭಾರತದಲ್ಲಿ ೧೯೯೪ರ ಶಾಸನವು ಆಧಾರ. ಮೃತರಿಂದ ದಾನವಾಗಿ ಬಂದ ಅಂಗಗಳನ್ನು ಕರ್ನಾಟಕದಲ್ಲಿ ಜೀವಸಾರ್ಥಕತೆಯೆಂಬ ಸಂಸ್ಥೆಯ ಮೂಲಕ ಹಂಚಲಾಗುವುದು. ದಾನಕ್ಕಾಗಿ ಸರದಿಯಲ್ಲಿ ಕಾಯಬೇಕಾದುದರಿಂದ ರೋಗವನ್ನು ಎಷ್ಟು ಮೊದಲು ಗುರುತಿಸಿದರೆ ಅಷ್ಟು ಮೇಲು.

ಪ್ರಾಣಾಂತಿಕ ವ್ಯಾಧಿಯಿಂದ ಒಬ್ಬನು ಮನೆಗೆ ಮರಳಿದ ಮಾತ್ರಕ್ಕೆ ಆ ವ್ಯಾಧಿಯ ವೃತ್ತಾಂತವು ಮುಗಿಯಿತೆಂದು ಎಣಿಸಲಾಗದು. ಮುಂದಿನ ಕೆಲವು ತಿಂಗಳು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದೂ, ಕಾಮಾಲೆ ಕಂಡರೆ ಅದು ಎಲ್ಲಿಂದ ಬಂದಿತೆಂದು ವಿಚಾರಿಸಿದ ಮೇಲೆಯೇ ಔಷಧಿಗೆ ಕೈಹಾಕುವುದೂ ಕರ್ತವ್ಯವಾಗಿವೆ.