ಕರೆಯದೆ ಹೋಗಬೇಕಾದ ಮನೆ

ಆಪತ್ತಿಗಾದವನೇ ನೆಂಟ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನೆಂಟತನವು ರಕ್ತದಿಂದಲ್ಲ, ಕಷ್ಟಕಾಲದ ಒದಗುವಿಕೆಯಿಂದ ನಿರ್ಣಯವಾಗುತ್ತದೆ ಎಂಬುದು ನಮ್ಮ ಹಿರಿಯರ ಅಭಿಪ್ರಾಯ. ಆದರೆ ಆಪತ್ತುಗಳಲ್ಲಿಯೂ ಎರಡು ಬಗೆಗಳುಂಟು. ಬೆಂಕಿ, ನೆರೆ, ಅಪಘಾತಗಳು ಒಂದೇ ದಿನದಲ್ಲಿ ಬಂದೆರಗುತ್ತವೆ. ಊರೆಲ್ಲ ಓಡಿ ಬರುತ್ತದೆ. ದೀರ್ಘಕಾಲದ ರೋಗವೆಂಬ ಆಪತ್ತು ಹಾಗಲ್ಲ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮನೆಯ ಮೂಲೆಯಲ್ಲಿ ಕುಳಿತಿರುತ್ತದೆ. ಮೊದಲ ವಾರ ಮನೆ ತುಂಬ ಜನ, ಮೇಜಿನ ತುಂಬ ಹಣ್ಣು. ನಾಲ್ಕನೆಯ ತಿಂಗಳಿಗೆ ಆ ಮನೆಯ ಬಾಗಿಲು ತಟ್ಟುವವನು ಹಾಲಿನವನೊಬ್ಬನೇ. ರೋಗಿಗಳಿಗೆ ಪರಮಪ್ರಸಾದವನ್ನು ಒಯ್ಯುವ ನಾವು ಈ ಬದಲಾವಣೆಯನ್ನು ಹತ್ತಿರದಿಂದ ನೋಡುತ್ತಿರುತ್ತೇವೆ. ಆ ನಾಲ್ಕನೆಯ ತಿಂಗಳಲ್ಲಿ ಸ್ನೇಹಿತನಾದವನ ಕರ್ತವ್ಯವೇನೆಂಬುದನ್ನು ಈ ವಾರ ವಿಚಾರ ಮಾಡೋಣ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದಿದವರಿಗೆ ಅರಿಸ್ಟಾಟಲನ ನೀತಿಶಾಸ್ತ್ರ ಪರಿಚಿತವಾದ ಗ್ರಂಥ. ಅದರ ಹತ್ತು ಭಾಗಗಳಲ್ಲಿ ಎರಡನ್ನು, ಎಂದರೆ ಎಂಟನೆಯದನ್ನೂ ಒಂಬತ್ತನೆಯದನ್ನೂ, ಆತ ಸ್ನೇಹದ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಪ್ರಯೋಜನದ ಸ್ನೇಹ, ಸಂತೋಷದ ಸ್ನೇಹ, ಸದ್ಗುಣದ ಸ್ನೇಹ ಎಂಬ ಆತನ ವಿಂಗಡಣೆ ಪ್ರಸಿದ್ಧವಾದುದು. ಹಾಸಿಗೆ ಹಿಡಿದವನಿಂದ ಪ್ರಯೋಜನವೂ ಇಲ್ಲ, ವಿನೋದವೂ ಕಡಿಮೆ; ಆದುದರಿಂದ ಮೊದಲ ಎರಡು ಬಗೆಯ ಸ್ನೇಹಗಳು ರೋಗ ಬಂದೊಡನೆ ಕಳಚಿ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಮಾತನ್ನೂ ಆತ ಅಲ್ಲಿ ಹೇಳಿದ್ದಾನೆ. ಒಳ್ಳೆಯ ಮನುಷ್ಯನು ತನ್ನ ದುಃಖದಲ್ಲಿ ಪಾಲುಗೊಳ್ಳಲು ಸ್ನೇಹಿತರನ್ನು ಕರೆಯಲು ಹಿಂಜರಿಯುತ್ತಾನೆ. ಅವರಿಗೆ ನೋವಾಗಬಾರದೆಂಬುದೇ ಅವನ ಸಂಕೋಚಕ್ಕೆ ಕಾರಣ. ಆದುದರಿಂದಲೇ ಕಷ್ಟದಲ್ಲಿರುವವನ ಬಳಿಗೆ ಸ್ನೇಹಿತನು ಕರೆಗಾಗಿ ಕಾಯದೆ ತಾನಾಗಿ ಹೋಗತಕ್ಕದ್ದು. ಒಬ್ಬನು ಕರೆಯಲಾರ, ಇನ್ನೊಬ್ಬನು ಕರೆಗಾಗಿ ಕಾಯಬಾರದು. ಇವೆರಡೂ ಕೂಡಿದಾಗಲೇ ಸ್ನೇಹ ಪೂರ್ಣವಾಗುತ್ತದೆ.

ನಮ್ಮ ನಾಡಿನ ರೂಢಿಯನ್ನು ನೋಡಿರಿ. ಮದುವೆಗೆ ಕರೆಯೋಲೆ ಬೇಕು. ಕರೆಯದ ಮದುವೆಗೆ ಹೋಗುವುದು ಮರ್ಯಾದೆಯಲ್ಲ. ಸಾವಿನ ಮನೆಗೆ ಕರೆ ಬೇಕಾಗಿಲ್ಲ. ಸುದ್ದಿ ತಿಳಿದರೆ ಸಾಕು, ಹೊರಡುತ್ತೇವೆ. ಆದರೆ ರೋಗದ ಮನೆ ಇವೆರಡರ ನಡುವೆ ಸಿಕ್ಕಿಕೊಂಡಿದೆ. “ಅವರೇ ಏನೂ ಹೇಳಲಿಲ್ಲವಲ್ಲ, ತೊಂದರೆ ಕೊಡುವುದೇಕೆ?” ಎಂದು ನಾವು ಸುಮ್ಮನಿರುತ್ತೇವೆ. “ಅವರಿಗೂ ಅವರ ಕೆಲಸಗಳಿವೆ, ಕೇಳುವುದು ಹೇಗೆ?” ಎಂದು ಅವರು ಸುಮ್ಮನಿರುತ್ತಾರೆ. ಎರಡು ಕಡೆಯ ಈ ಸಭ್ಯತೆಯ ನಡುವೆ ಎಷ್ಟೋ ಚಿಕಿತ್ಸೆಗಳು ಅರ್ಧದಲ್ಲಿಯೇ ನಿಂತುಹೋಗುತ್ತವೆ.

ಈ ಮಾತು ಅತಿಶಯೋಕ್ತಿಯಲ್ಲ. ಇಂದಿನ ವೈದ್ಯಶಾಸ್ತ್ರ ಅನೇಕ ಮಾರಕ ರೋಗಗಳನ್ನು ಪಳಗಿಸಿದೆ. ಆದರೆ ಅದಕ್ಕೆ ಬದಲಾಗಿ ಕಾಲವನ್ನು ಕೇಳುತ್ತದೆ. ಸಾಮಾನ್ಯ ಕ್ಷಯರೋಗಕ್ಕೆ ಆರು ತಿಂಗಳ ಔಷಧ. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈತುಂಬಿಕೊಂಡಾಗ ‘ಇನ್ನು ಸಾಕು’ ಎಂದು ಗುಳಿಗೆ ಬಿಟ್ಟವರಲ್ಲಿ ರೋಗ ಮರಳಿ ಬರಬಹುದು, ಔಷಧಕ್ಕೆ ಜಗ್ಗದ ರೂಪವನ್ನೂ ತಾಳಬಹುದು. ಕೇಂದ್ರ ಸರ್ಕಾರವು 2022ರಲ್ಲಿ ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರವನ್ನು ಒದಗಿಸುವ ನಾಗರಿಕರಿಗಾಗಿ ಒಂದು ಯೋಜನೆಯನ್ನು ಆರಂಭಿಸಿದಾಗ ಅವರಿಗೆ ‘ನಿಕ್ಷಯ ಮಿತ್ರ’ರೆಂದು ಹೆಸರಿಟ್ಟಿತು. ದಾನಿ ಎನ್ನದೆ ಮಿತ್ರ ಎಂದುದು ಗಮನಾರ್ಹ. ಅರ್ಬುದ ರೋಗಕ್ಕೆ ಕೊಡುವ ಕೀಮೋಥೆರಪಿಯಲ್ಲಿ ಹಲವು ಬಗೆಗಳು ಮೂರು ವಾರಗಳಿಗೊಮ್ಮೆ ಮರುಕಳಿಸುತ್ತವೆ. ಮೂತ್ರಪಿಂಡಗಳು ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿಸಲವೂ ಸುಮಾರು ನಾಲ್ಕು ಗಂಟೆಗಳ ಡಯಾಲಿಸಿಸ್. 2016ರ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಆದರೆ ಆಸ್ಪತ್ರೆಯವರೆಗಿನ ದಾರಿ ಉಚಿತವಲ್ಲ. ಜೊತೆಗೆ ಹೋಗುವವನ ದಿನಗೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ನಾವು ಬಲ್ಲ ಒಂದು ಧರ್ಮಕೇಂದ್ರದಲ್ಲಿ ಗಾರೆ ಕೆಲಸದ ಒಬ್ಬ ಗೃಹಸ್ಥರಿದ್ದರು. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಗೊತ್ತಾಗಿತ್ತು. ಕೆಲವು ತಿಂಗಳಾದ ಮೇಲೆ ಅವರು ಒಂದೊಂದು ಸರದಿಯನ್ನು ತಪ್ಪಿಸತೊಡಗಿದರು. ನೋವಿಗೆ ಹೆದರಿ ಅಲ್ಲ. ಪತ್ನಿ ಜೊತೆಗೆ ಬಂದರೆ ಆಕೆಯ ಕೆಲಸ ಹೋಗುತ್ತದೆ, ಆಟೋರಿಕ್ಷಾಕ್ಕೆ ಸಾಲ ಮಾಡಬೇಕು, ಯಾರನ್ನಾದರೂ ಕೇಳಲು ನಾಚಿಕೆ. ಕಾಲು ಊದಿ, ಉಸಿರು ಕಟ್ಟಿ, ರಾತ್ರಿ ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದರು. ಒಂದು ಕಾಲದಲ್ಲಿ ಅವರ ಜೊತೆ ಚರ್ಚಿನ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದ ಗೆಳೆಯರೊಬ್ಬರು ಆಕಸ್ಮಿಕವಾಗಿ ಮನೆಗೆ ಹೋದವರು ಇದನ್ನು ಕಂಡರು. ಅಂದೇ ಸಂಜೆ ಹಳೆಯ ತಂಡದ ನಾಲ್ವರು ಕೂಡಿ ವಾರವನ್ನು ಹಂಚಿಕೊಂಡರು. ಒಬ್ಬರದು ವಾಹನ, ಇಬ್ಬರದು ಸರದಿಯ ಪ್ರಕಾರ ಜೊತೆಗೆ ಕೂರುವುದು, ಇನ್ನೊಬ್ಬರದು ಪಡಿತರ ಚೀಟಿ, ಆಸ್ಪತ್ರೆಯ ಪತ್ರ, ಔಷಧದ ಚೀಟಿಗಳ ವ್ಯವಹಾರ. ಯಾರೂ ಸಂಘ ಕಟ್ಟಲಿಲ್ಲ, ಫಲಕ ಹಾಕಲಿಲ್ಲ. ಆ ಗೃಹಸ್ಥರು ಗುಣಮುಖರಾಗಲಿಲ್ಲ. ಮೂರನೆಯ ವರ್ಷದಲ್ಲಿ ತೀರಿಕೊಂಡರು. ಆದರೆ ಅಲ್ಲಿಯವರೆಗೆ ಒಂದು ಸರದಿಯೂ ತಪ್ಪಲಿಲ್ಲ, ಮತ್ತು ಅವರು ಮಗಳ ಮದುವೆಯನ್ನು ಕಣ್ಣಾರೆ ಕಂಡರು.

ನಾಲ್ವರು ಎಂದೊಡನೆ ಓದುಗರಿಗೆ ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯ ನೆನಪಾಗಬಹುದು. ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಜನಸಂದಣಿಯಿಂದ ಒಳಗೆ ಹೋಗಲಾಗದೆ ಮಾಳಿಗೆಯನ್ನು ತೆರೆದು ಯೇಸುಸ್ವಾಮಿಯ ಮುಂದೆ ಇಳಿಸಿದರು. ಆ ವೃತ್ತಾಂತದಲ್ಲಿ ರೋಗಿಯು ಒಂದು ಮಾತನ್ನೂ ಆಡುವುದಿಲ್ಲ. ತನ್ನನ್ನು ಒಯ್ಯಿರೆಂದು ಅವನು ಕೇಳಿದನೆಂದೂ ಅಲ್ಲಿ ಬರೆದಿಲ್ಲ. ಹೊತ್ತವರ ಹೆಸರುಗಳನ್ನೂ ಹೇಳಿಲ್ಲ. ಅವರ ಸಂಖ್ಯೆಯನ್ನು ಮಾತ್ರ ಹೇಳಿದೆ. ಹಾಸಿಗೆಗೆ ನಾಲ್ಕು ಮೂಲೆಗಳು. ಒಂದೇ ಹೆಗಲಿನ ಮೇಲೆ ಅದು ನಿಲ್ಲದು. ದೀರ್ಘ ರೋಗದ ಮನೆಯಲ್ಲಿ ಆ ಒಂದೇ ಹೆಗಲು ಬಹುತೇಕ ಪತ್ನಿಯದು ಅಥವಾ ತಾಯಿಯದು. ಆದುದರಿಂದ ರೋಗಿಯ ಸ್ನೇಹಿತನು ರೋಗಿಗೆ ಮಾತ್ರವಲ್ಲ, ಅವನನ್ನು ನೋಡಿಕೊಳ್ಳುವವರಿಗೂ ಸ್ನೇಹಿತನಾಗಬೇಕು. ಆಕೆ ಎರಡು ಗಂಟೆ ನಿದ್ದೆ ಮಾಡಲೆಂದು ಮಂಚದ ಬಳಿ ಕುಳಿತುಕೊಳ್ಳುವುದು ದೊಡ್ಡ ಉಪಕಾರ.

ಹೋಗುವುದು ಸರಿ, ಹೋಗಿ ಏನು ಮಾಡಬಾರದೆಂಬುದನ್ನೂ ತಿಳಿದಿರಬೇಕು. ಯೋಬನ ಮೂವರು ಗೆಳೆಯರು ಅವನ ಆಪತ್ತಿನ ಸುದ್ದಿ ಕೇಳಿ ತಾವಾಗಿಯೇ ಬಂದರು. ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತರು. ಅಷ್ಟರವರೆಗೆ ಅವರು ಉತ್ತಮ ಸ್ನೇಹಿತರೇ. ಬಾಯಿ ತೆರೆದು ಅವನ ರೋಗಕ್ಕೆ ಅವನ ಪಾಪವೇ ಕಾರಣವೆಂದು ವಾದಿಸತೊಡಗಿದ ಮೇಲೆ ಕೆಟ್ಟರು. ನಮ್ಮಲ್ಲಿಯೂ ಈ ವಾದ ಸತ್ತಿಲ್ಲ. “ಮೊದಲೇ ತೋರಿಸಬಾರದಾಗಿತ್ತೇ?”, “ಇಂಥದೇ ರೋಗದಿಂದ ನಮ್ಮ ಸಂಬಂಧಿಯೊಬ್ಬರು ಹೋದರು”, “ಆ ಔಷಧ ಬಿಡಿ, ಒಬ್ಬರು ಬೇರು ಕೊಡುತ್ತಾರೆ” ಎಂಬ ಮಾತುಗಳು ಇಂದಿಗೂ ಹಾಸಿಗೆಯ ಪಕ್ಕದಲ್ಲಿ ಕೇಳಿಬರುತ್ತವೆ.

ಪ್ರೀತಿಯಿಂದ ಒಯ್ದ ಕಾಣಿಕೆಯೂ ಕೇಡು ಮಾಡೀತು. ರೋಗಿಯನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವುದು ನಮ್ಮ ಪದ್ಧತಿ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬಹುಮಂದಿಗೆ ಇವು ಅಪಾಯಕಾರಿ. ಇವುಗಳಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನೀರನ್ನೂ ಅವರು ಅಳೆದು ಕುಡಿಯಬೇಕು. ಸೂಜಿ ಚುಚ್ಚಲೆಂದು ಫಿಸ್ಟುಲಾ ಮಾಡಿದ ಕೈಯಲ್ಲಿ ಅವರು ಭಾರ ಎತ್ತಬಾರದು. ಆ ಚೀಲವನ್ನು ಸ್ನೇಹಿತನೇ ಹಿಡಿಯಲಿ. ಕೀಮೋಥೆರಪಿ ಪಡೆದವರಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳ ನಡುವೆ ರಕ್ತದ ಬಿಳಿಕಣಗಳು ಕುಸಿದಿರುತ್ತವೆ. ನೆಗಡಿ, ಜ್ವರ ಇರುವವರು ಆಗ ಹತ್ತಿರ ಹೋಗದಿರುವುದೇ ಸ್ನೇಹ. ಏನನ್ನು ಒಯ್ಯಬೇಕೆಂಬುದನ್ನು ಮನೆಯವರನ್ನು ಕೇಳಿ ಒಯ್ಯುವುದು ಲೇಸು.

ಸ್ನೇಹಿತನು ಕೊಡಬಹುದಾದುದು ಇನ್ನೂ ಇದೆ. ಹಣಕ್ಕಾಗಿ ರಕ್ತ ಕೊಡುವವರಿಂದ ರಕ್ತ ಪಡೆಯುವುದನ್ನು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಅಂದಿನಿಂದ ರಕ್ತನಿಧಿಗಳು ನಿಂತಿರುವುದು ನೆಂಟರಿಷ್ಟರ ಹಾಗೂ ಸ್ವಯಂಪ್ರೇರಿತರ ಔದಾರ್ಯದ ಮೇಲೆ. ಆರೋಗ್ಯವಂತ ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ ರಕ್ತ ಕೊಡಬಹುದು. ಪ್ಲೇಟ್‌ಲೆಟ್‌ಗಳನ್ನು ಐದು ದಿನಕ್ಕಿಂತ ಹೆಚ್ಚು ಕಾಲ ಇಡಲಾಗದು. ಆದುದರಿಂದ ಬೇಕಾದಾಗ ಬರುವ ಗೆಳೆಯರೇ ಅವುಗಳ ಉಗ್ರಾಣ. ಅಂಗಾಂಗ ಕಸಿಯನ್ನು ಕುರಿತ 1994ರ ಕಾನೂನು ಕೊಡುಕೊಳ್ಳುವ ವ್ಯಾಪಾರವನ್ನು ಅಪರಾಧವೆಂದು ಸಾರಿದರೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಹತ್ತಿರದ ಬಂಧುವಲ್ಲದವನೂ ಪ್ರೀತಿ, ಮಮತೆಯ ಕಾರಣದಿಂದ ಅಂಗದಾನ ಮಾಡಬಹುದು. ಆದರೆ ಅಧಿಕೃತ ಸಮಿತಿಯು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಸ್ನೇಹಕ್ಕೆ ಕಾನೂನಿನ ಪುಸ್ತಕದಲ್ಲಿಯೂ ಒಂದು ಸ್ಥಾನ ಸಿಕ್ಕಿದೆ ಎನ್ನಬೇಕು.

ಗುಣವಾಗದ ರೋಗವಾದರೆ ಸ್ನೇಹಿತನ ಕೆಲಸ ಮುಗಿಯಿತೆಂದು ಭಾವಿಸಬಾರದು. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರೂ ಸ್ವಯಂಸೇವಕರೂ ಕೂಡಿ ನೋವು ಶಮನದ ಚಿಕಿತ್ಸಾಲಯವೊಂದನ್ನು ಆರಂಭಿಸಿದರು. ಆಸ್ಪತ್ರೆಗೆ ಬರಲಾರದ ರೋಗಿಗಳೇ ಹೆಚ್ಚೆಂಬುದು ಬೇಗನೆ ತಿಳಿಯಿತು. ಮುಂದೆ ಊರೂರಿನ ನೆರೆಹೊರೆಯವರಿಗೆ ತರಬೇತಿ ಕೊಟ್ಟು, ಅವರೇ ರೋಗಿಗಳ ಮನೆಗಳಿಗೆ ಹೋಗುವ ಏರ್ಪಾಡನ್ನು ಬೆಳೆಸಲಾಯಿತು. ಶಿಕ್ಷಕರು, ಅಂಗಡಿಯವರು, ಗೃಹಿಣಿಯರು ಗಾಯ ತೊಳೆಯುವುದನ್ನೂ ಮಗ್ಗುಲು ಬದಲಿಸುವುದನ್ನೂ ಕಲಿತರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ತನ್ನ ನೀತಿಯಾಗಿ ಅಂಗೀಕರಿಸಿತು. ನಮ್ಮ ಧರ್ಮಕೇಂದ್ರಗಳ ವಾರ್ಡುಗಳಲ್ಲಿಯೂ ಇದು ಅಸಾಧ್ಯವೇನಲ್ಲ.

ಇನ್ನು ರೋಗಿಗಳಿಗೂ ಒಂದು ಮಾತು. ಉಪಕಾರವನ್ನು ಸ್ವೀಕರಿಸುವುದೂ ಸ್ನೇಹದ ಒಂದು ಸದ್ಗುಣವೇ. ತಾನು ಬರಿಯ ಹೊರೆ ಎಂದು ಭಾವಿಸುವವನು ಡಯಾಲಿಸಿಸ್ ಕೋಣೆಯನ್ನೊಮ್ಮೆ ನೋಡಬೇಕು. ಅದೇ ದಿನ, ಅದೇ ಹೊತ್ತು, ಅಕ್ಕಪಕ್ಕದ ಮಂಚಗಳಲ್ಲಿ ಅದೇ ಮುಖಗಳು. ಜಾತಿ ಮತಗಳು ಬೇರೆ, ಬೇನೆ ಒಂದೇ. ಹೊಸದಾಗಿ ಬಂದು ನಡುಗುವವನಿಗೆ ಧೈರ್ಯ ಹೇಳುವವನು ನಾಲ್ಕು ವರ್ಷಗಳಿಂದ ಅಲ್ಲಿ ಮಲಗುತ್ತಿರುವ ರೋಗಿಯೇ. ಒಂದು ಬೆಳಿಗ್ಗೆ ಪಕ್ಕದ ಮಂಚ ಖಾಲಿ ಕಂಡರೆ ಮೊದಲು ವಿಚಾರಿಸುವವನೂ ಅವನೇ. ಹಾಸಿಗೆಯಲ್ಲಿರುವವನು ಸ್ನೇಹವನ್ನು ಪಡೆಯುವಂತೆಯೇ ಕೊಡಲೂ ಬಲ್ಲನು.

ಸ್ನೇಹಿತರ ಸಾನ್ನಿಧ್ಯದಿಂದ ದುಃಖ ಹಗುರವಾಗುವುದು ಏಕೆ? ಅವರು ಭಾರದಲ್ಲಿ ಪಾಲು ಹೊರುವುದರಿಂದಲೋ, ಅವರು ಬಂದರೆಂಬ ಸಂತೋಷದಿಂದಲೋ? ಅರಿಸ್ಟಾಟಲ್ ಈ ಪ್ರಶ್ನೆಯನ್ನೆತ್ತಿ, ಕಾರಣವೇನೇ ಇರಲಿ, ಹಗುರವಾಗುವುದಂತೂ ಕಂಡುಬರುವ ಸಂಗತಿ ಎಂದು ಮುಂದೆ ಸಾಗುತ್ತಾನೆ. ನಾವೂ ಕಾರಣವನ್ನು ಹುಡುಕುತ್ತ ಕುಳಿತಿರುವುದು ಬೇಡ. ಈ ಭಾನುವಾರ ಬಲಿಪೂಜೆ ಮುಗಿದು ಮನೆಗೆ ಹೊರಟಾಗ, ಬಹಳ ದಿನಗಳಿಂದ ಪೂಜೆಯಲ್ಲಿ ಕಾಣದಿರುವ ಒಂದು ಮುಖವನ್ನು ನೆನಪಿಸಿಕೊಳ್ಳೋಣ. ಆ ಮನೆಗೆ ಹೋಗೋಣ. “ಏನಾದರೂ ಬೇಕಾದರೆ ಹೇಳಿ” ಎಂದು ಹೇಳಿ ಬರುವುದು ಬೇಡ, ಅವರು ಹೇಳುವುದಿಲ್ಲ. “ವಾರದಲ್ಲಿ ನಿಮಗೆ ಯಾವ ದಿನ ಕಷ್ಟ? ಆ ದಿನ ನಾವು ಬರುತ್ತೇವೆ” ಎಂದು ಹೇಳೋಣ; ಆ ದಿನ ಹೋಗೋಣ.