ಹೂಕುಂಡದಲ್ಲಿ ಕೂತು ಕಡಲು ದಾಟಿದ ಹಾವು

ಮಳೆ ಬಿದ್ದ ಮಾರನೆಯ ದಿನ ನಮ್ಮ ಕಾಲೇಜಿನ ವುಜೂ ನಲ್ಲಿಗಳ ಬಳಿ ಗಲಾಟೆ. ಕಪ್ಪಗೆ ಮಿಂಚುವ, ಶೂ ಲೇಸಿನಷ್ಟು ಸಪೂರ ಹಾವೊಂದು ಮೋರಿಯ ಜಾಲರಿಯಿಂದ ಹೊರಬಂದಿತ್ತು. "ನಾಗರಹಾವಿನ ಮರಿ" ಎಂದ ಒಬ್ಬ. "ಮಲಗಿದಾಗ ಕಿವಿಯೊಳಗೆ ಹೋಗುತ್ತೆ" ಎಂದ ಇನ್ನೊಬ್ಬ. ಅಷ್ಟರಲ್ಲಿ ಯಾರೋ ಚಪ್ಪಲಿಯಿಂದ ಹೊಡೆದೇಬಿಟ್ಟರು.

ಅದು ಮರಿಯಲ್ಲ, ಬೆಳೆದ ಕುರುಡು ಹಾವು. ಬೆಳೆದರೂ ಅರ್ಧ ಅಡಿಯ ಆಸುಪಾಸು. ಇರುವೆ, ಗೆದ್ದಲುಗಳ ಮೊಟ್ಟೆ ಮತ್ತು ಮರಿಗಳೇ ಆಹಾರ. ವಿಷವಿಲ್ಲ, ನಮ್ಮನ್ನು ಕಚ್ಚುವಷ್ಟು ದೊಡ್ಡ ಬಾಯಿಯೂ ಇಲ್ಲ. ರಾಜಾಜಿನಗರ, ಬಸವೇಶ್ವರನಗರದ ಮನೆಗಳ ಬಚ್ಚಲಲ್ಲಿ ಮಳೆಗಾಲಕ್ಕೆ ಕಾಣಿಸಿಕೊಂಡು ಎರೆಹುಳು ಎನಿಸಿಕೊಳ್ಳುವುದೂ ಇದೇ. ಎರೆಹುಳುವಿನ ಮೈಯಲ್ಲಿ ಉಂಗುರಗಳಿರುತ್ತವೆ. ಇದಕ್ಕೆ ನುಣುಪಾದ ಹುರುಪೆ, ಪುಟ್ಟ ನಾಲಗೆ.

ದಕ್ಷಿಣ ಏಷ್ಯಾದ ಈ ಹಾವು ಇಂದು ಹವಾಯಿ, ಮಾರಿಷಸ್, ಸೆಷೆಲ್ಸ್‌ ದ್ವೀಪಗಳಲ್ಲೂ ಇದೆ. ಈಜಿ ಹೋಗಿದ್ದಲ್ಲ. ಗಿಡದ ಬೇರಿನ ಮಣ್ಣಿನಲ್ಲಿ ಅಡಗಿ ಹಡಗು ಹತ್ತಿತು. ಹವಾಯಿಗೆ 1930ರ ಸುಮಾರಿಗೆ ಫಿಲಿಪ್ಪೀನ್ಸ್‌ನಿಂದ ತಂದ ತಾಳೆ ಗಿಡಗಳ ಮಣ್ಣಿನಲ್ಲಿ ಬಂತೆನ್ನುತ್ತಾರೆ, ಅದೂ ಹೊನಲುಲುವಿನ ಒಂದು ಶಾಲೆಯ ಆವರಣಕ್ಕೆ!

ಬೇರೆ ಹಾವಾದರೆ ಹೊಸ ದ್ವೀಪದಲ್ಲಿ ಜೋಡಿ ಸಿಗದೆ ಅಲ್ಲಿಗೇ ಮುಗಿಯುತ್ತಿತ್ತು. ಇದರ ಗುಟ್ಟು ಬಯಾಲಜಿ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. ಇವೆಲ್ಲ ಹೆಣ್ಣುಗಳೇ. ಗಂಡಿಲ್ಲದೆಯೇ ಮೊಟ್ಟೆಯಿಡುತ್ತವೆ, ಅಂದರೆ ಪಾರ್ಥೆನೊಜೆನೆಸಿಸ್. ಕ್ರೋಮೋಸೋಮುಗಳೂ ಎರಡರ ಬದಲು ಮೂರು ಸೆಟ್. ಮೂರು ಸಾವಿರಕ್ಕೂ ಹೆಚ್ಚು ಹಾವಿನ ಜಾತಿಗಳಲ್ಲಿ ಹೀಗೆ ಹೆಣ್ಣುಗಳಷ್ಟೇ ಇರುವುದು, ಗೊತ್ತಿರುವ ಮಟ್ಟಿಗೆ, ಇದೊಂದೇ. ಹಾಗಾಗಿ ಒಂದು ಕುಂಡ, ಒಂದು ಹಾವು ಇದ್ದರೂ ಸಾಕು.

ಪರದೇಶದ ಹಾವು ಎಂದರೆ ಗುವಾಮ್ ದ್ವೀಪದ ಕಥೆ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಸರಕಿನೊಂದಿಗೆ ಬಂದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ತಿಂದು ಮುಗಿಸಿತು. ಕುರುಡು ಹಾವಿನ ಮೇಲೆ ಅಂಥ ಆರೋಪವಿಲ್ಲ. ಆದರೂ ಒಂದು ಕುಂಡ ಮಣ್ಣಿನಲ್ಲಿ ಏನೇನು ಊರು ದಾಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಕೆಂಗೇರಿ ಕಡೆಯ ನರ್ಸರಿಯಿಂದ ನಾವು ತರುವ ಗುಲಾಬಿ ಗಿಡದಲ್ಲೂ ಒಂದು ಇದ್ದೀತು.

ಹವಾಯಿಯಲ್ಲಿ ಅದು ಹೊರಗಿನದು, ನಮ್ಮಲ್ಲಿ ಊರಿನದೇ. ಇನ್ನೊಮ್ಮೆ ಕಂಡರೆ ಚಪ್ಪಲಿ ಬೇಡ, ಬರಿಗೈಯೂ ಬೇಡ. ಕಟ್ಟುಹಾವಿನ ಮರಿಯೂ ಸಪೂರವೇ. ಗುರುತು ಖಚಿತವಿಲ್ಲದಿದ್ದರೆ ದೂರ ನಿಂತು ಹಾವು ಹಿಡಿಯುವವರನ್ನು ಕರೆಸಿ. ಕುರುಡು ಹಾವೇ ಎಂದು ಬಲ್ಲವರು ಹೇಳಿದರೆ, ಕಸದ ಮೊರಕ್ಕೆ ಸರಿಸಿ ಗಿಡದ ಒದ್ದೆ ಮಣ್ಣಿಗೆ ಬಿಟ್ಟರಾಯಿತು. ಕ್ಷಣದಲ್ಲಿ ಒಳಗೆ ಇಳಿದುಹೋಗುತ್ತದೆ.