ಅಜ್ಜಿಯ ಬೆಳ್ಳಿ ರೂಪಾಯಿಗೆ ಗ್ರೇಡಿಂಗ್ ಬೇಕೆ?

ಸಹೋದರಿಯರೇ, ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ, ಬೀರುವಿನ ಮೂಲೆಯ ರೇಷ್ಮೆ ಚೀಲದಲ್ಲೋ ನಾಲ್ಕಾರು ಹಳೆಯ ಬೆಳ್ಳಿ ರೂಪಾಯಿಗಳು ಇರಬಹುದು. ವಿಕ್ಟೋರಿಯಾ ರಾಣಿಯ ತಲೆ ಇರುವುದು, ಜಾರ್ಜ್ ದೊರೆಯ ಕಿರೀಟ ಇರುವುದು. ಲಕ್ಷ್ಮೀಪೂಜೆಯ ದಿನ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಸೇರುತ್ತವೆ. ಈಗೀಗ ಮಕ್ಕಳು ಮೊಬೈಲ್ ಹಿಡಿದುಕೊಂಡು ಬಂದು, "ಅಮ್ಮಾ, ಇದಕ್ಕೆ ಗ್ರೇಡಿಂಗ್ ಮಾಡಿಸಿದರೆ ಲಕ್ಷಗಟ್ಟಲೆ ಬರುತ್ತಂತೆ!" ಅನ್ನುತ್ತಾರೆ. ಏನಿದು ಗ್ರೇಡಿಂಗ್? ನಂಬಬಹುದೆ? ನಮ್ಮ ಮನೆಯ ನಾಣ್ಯಕ್ಕೆ ಅದು ಬೇಕೆ? ಸ್ವಲ್ಪ ವಿಚಾರ ಮಾಡೋಣ, ಬನ್ನಿ.

ಗ್ರೇಡಿಂಗ್ ಅಂದರೆ ಇಷ್ಟೇ

ಮಾರುವವನು "ಇದು ಹೊಸದರ ಹಾಗಿದೆ" ಅಂತಾನೆ, ಕೊಳ್ಳುವವನು "ಸವೆದು ಹೋಗಿದೆಯಲ್ಲ" ಅಂತಾನೆ. ಈ ಜಗಳ ತೀರಿಸಲು ಮೂರನೆಯವರೊಬ್ಬರು ನಾಣ್ಯ ನೋಡಿ ಅಂಕ ಕೊಡುವುದೇ ಗ್ರೇಡಿಂಗ್. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬುವರು ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಗಳ ಕ್ರಮವೊಂದನ್ನು ಮಾಡಿದರು. ಯಾವ ನಾಣ್ಯವೆಂದು ಗುರುತು ಮಾತ್ರ ಸಿಗುವಷ್ಟು ಸವೆದಿದ್ದರೆ 1. ಕೈಯಿಂದ ಕೈಗೆ ಓಡಾಡದೆ ಟಂಕಸಾಲೆಯಿಂದ ಬಂದ ಹಾಗೇ ಉಳಿದಿದ್ದರೆ 60 ಮತ್ತು ಅದರ ಮೇಲೆ. ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಒಂದು ಕುಂದೂ ಕಾಣದಿದ್ದರೆ 70.

ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘವು 1972ರಲ್ಲಿ ಅಸಲಿಯೋ ನಕಲಿಯೋ ಎಂದು ಹೇಳುವ ಸೇವೆ ತೆರೆಯಿತು. 1979ರಿಂದ ಅಂಕವನ್ನೂ ಕೊಡತೊಡಗಿತು. ಆಮೇಲೆ 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಕಂಪನಿಗಳು ಕೆಲಸ ಶುರು ಮಾಡಿದವು. ಈಗ ಹೆಚ್ಚು ಹೆಸರಾಗಿರುವುದು ಇವೆರಡೇ. ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನಾಣ್ಯವನ್ನು ನೋಡಿ ಅಂಕ ಹಾಕುತ್ತಾರೆ. ಕೊನೆಗೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಅಂಕವನ್ನೂ ನಂಬರನ್ನೂ ಬರೆದ ಚೀಟಿ ಇಟ್ಟು ವಾಪಸು ಕಳಿಸುತ್ತಾರೆ.

ಹಾಲ್‌ಮಾರ್ಕ್ ಬೇರೆ, ಇದು ಬೇರೆ

ನಾವು ಹೆಂಗಸರು ಇಲ್ಲೇ ಎಡವುವುದು. ಬಳೆಯ ಹಾಲ್‌ಮಾರ್ಕ್ ಹೇಳುವುದು ಚಿನ್ನ ಎಷ್ಟು ಶುದ್ಧ ಅಂತ. ಅದನ್ನು ಯಂತ್ರದಲ್ಲಿ ಅಳೆಯಬಹುದು. ನಾಣ್ಯದ ಅಂಕ ಹಾಗಲ್ಲ, ಅದು ಪಳಗಿದ ಕಣ್ಣಿನ ಅಭಿಪ್ರಾಯ. ಒಂದೇ ಸಾರನ್ನು ಅತ್ತೆ "ಹುಳಿ ಹೆಚ್ಚಾಯ್ತು" ಅಂದರೆ ಮಾವ "ಹದವಾಗಿದೆ" ಅನ್ನುವುದಿಲ್ಲವೇ? ಪೆಟ್ಟಿಗೆ ಒಡೆದು ಅದೇ ನಾಣ್ಯವನ್ನು ಮತ್ತೆ ಕಳಿಸಿ ಬೇರೆ ಅಂಕ ಪಡೆದವರಿದ್ದಾರೆ. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ತನ್ನ ಗ್ರೇಡಿಂಗ್ ಎಂದೂ ಬದಲಾಗದು, ಪಕ್ಷಪಾತವಿಲ್ಲದ್ದು ಎಂಬಂಥ ಜಾಹೀರಾತುಗಳಿಗಾಗಿ ಪಿ.ಸಿ.ಜಿ.ಎಸ್. ಮೇಲೆ ಆಕ್ಷೇಪ ಎತ್ತಿತು. ಅದು ರಾಜಿಯಲ್ಲಿ ಮುಗಿಯಿತು. ಹಾಗಂತ ಈ ಸೇವೆ ಸುಳ್ಳು ಅಂತಲ್ಲ. ಅಸಲಿ ನಕಲಿ ಗುರುತಿಸುವಲ್ಲಿ ಅದರಿಂದ ದೊಡ್ಡ ಉಪಕಾರವಿದೆ. ಆದರೆ ಅಂಕವೇ ಬೆಲೆಯಲ್ಲ ಎಂಬುದು ನೆನಪಿರಲಿ.

ಸೇವೆಯನ್ನು ನಾವೇ ಪರೀಕ್ಷಿಸುವ ಬಗೆ

ಯಾರಾದರೂ "ನಾವು ಗ್ರೇಡಿಂಗ್ ಮಾಡಿಕೊಡುತ್ತೇವೆ" ಎಂದು ಬಂದರೆ ಈ ನಾಲ್ಕು ಪ್ರಶ್ನೆ ಕೇಳಿ.

1. ಅಂಕ ಕೊಡುವವರೇ ನಾಣ್ಯ ವ್ಯಾಪಾರವನ್ನೂ ಮಾಡುತ್ತಾರೆಯೆ? ಹೌದಾದರೆ ದೂರವಿರಿ. ತಕ್ಕಡಿ ಹಿಡಿದವನೇ ತೀರ್ಪೂ ಹೇಳಬಾರದು.

2. ಮುಂದೆ ನಕಲಿ ಎಂದು ಗೊತ್ತಾದರೆ ಪರಿಹಾರ ಕೊಡುವ ಖಾತರಿ ಬರವಣಿಗೆಯಲ್ಲಿ ಇದೆಯೆ?

3. ಪೆಟ್ಟಿಗೆಯ ನಂಬರನ್ನು ಕಂಪನಿಯ ದಾಖಲೆಯಲ್ಲಿ ನಾವೇ ನೋಡಬಹುದೆ? ಫೋಟೋ ಇದ್ದರೆ ನಾಣ್ಯದ ಗೀರು, ಕಲೆ ತಾಳೆ ಹಾಕಿ. ಪೆಟ್ಟಿಗೆ, ಚೀಟಿಗಳನ್ನೂ ನಕಲು ಮಾಡುವ ಜಾಣರಿದ್ದಾರೆ!

4. ನಾಣ್ಯ ಎಲ್ಲಿಗೆ ಹೋಗುತ್ತದೆ? ಶುಲ್ಕ, ವಿಮೆ, ಅಂಚೆ ಎಲ್ಲ ಸೇರಿ ಎಷ್ಟಾಗುತ್ತದೆ?

ಕಾನೂನು ಏನನ್ನುತ್ತದೆ?

ನಾಲ್ಕನೆಯ ಪ್ರಶ್ನೆ ಬಹಳ ಮುಖ್ಯ. ನಮ್ಮ ದೇಶದ 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅಂದಮೇಲೆ 1862ರ ವಿಕ್ಟೋರಿಯಾ ರೂಪಾಯಿಯನ್ನು ಅಂಕ ಹಾಕಿಸಿಕೊಂಡು ಬರಲೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಿದರೂ ತಪ್ಪೇ. "ನಾವು ಕಳಿಸಿಕೊಡುತ್ತೇವೆ, ನಿಮಗ್ಯಾಕೆ ಚಿಂತೆ?" ಅನ್ನುವ ಮಧ್ಯವರ್ತಿಯ ಮಾತಿಗೆ ಮರುಳಾಗಬೇಡಿ.

ಕಾಸಿಗೆ ತಕ್ಕ ಕಜ್ಜಾಯ

ಲೆಕ್ಕವನ್ನೂ ಹಾಕೋಣ. ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ, ನೂರಕ್ಕೆ ಸುಮಾರು 91.7 ಭಾಗ ಬೆಳ್ಳಿ. ಅಂದರೆ ಒಂದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಇಂಥವು ಲೆಕ್ಕವಿಲ್ಲದಷ್ಟು ಟಂಕಿತವಾಗಿವೆ. ಸವೆದದ್ದಕ್ಕೆ ಗ್ರೇಡಿಂಗ್ ಮಾಡಿಸಿದರೆ ಖರ್ಚೇ ಹೆಚ್ಚಾದೀತು. ಅಪರೂಪದವು ಬೇರೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಬೇಸರಪಟ್ಟರು. ಸರ್ಕಾರ ಹಿಂದಕ್ಕೆ ಪಡೆದು 1912ರಲ್ಲಿ ಚಿತ್ರ ತಿದ್ದಿತು. 1939ರ ಆರನೇ ಜಾರ್ಜ್ ರೂಪಾಯಿಯೂ ಸುಲಭಕ್ಕೆ ಸಿಗದು. ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ಹಾಗಾಗಿ ಇಂಥದ್ದಿದ್ದರೆ ಮೊದಲು ಊರಿನಲ್ಲೇ ಇಬ್ಬರು ಮೂವರು ತಿಳಿದವರಿಗೆ ಬೇರೆ ಬೇರೆಯಾಗಿ ತೋರಿಸಿ.

ಮೊಬೈಲಿನಲ್ಲಿ ಬರುವ "ಹಳೆಯ ಐದು ರೂಪಾಯಿಗೆ ಹತ್ತು ಲಕ್ಷ" ಎಂಬ ಜಾಹೀರಾತನ್ನಂತೂ ನಂಬಲೇಬೇಡಿ. ನಮ್ಮ ಬೀದಿಯ ಒಬ್ಬಾಕೆ ಚೀಟಿ ಹಣದಿಂದ "ನೋಂದಣಿ ಶುಲ್ಕ" ಕಟ್ಟಿದರು, ಆಮೇಲೆ "ತೆರಿಗೆ" ಕಟ್ಟಿದರು. ಆ ಕಡೆಯ ಫೋನು ಸತ್ತು ಹೋಯಿತು, ಮನೆಯಲ್ಲಿ ಹೇಳಲೂ ಆಗದೆ ತಿಂಗಳುಗಟ್ಟಲೆ ಒಬ್ಬರೇ ಕೊರಗಿದರು. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಹುಣಸೆಹಣ್ಣು ಮುಟ್ಟಿಸಬೇಡಿ!

ಕೊನೆಯ ಮಾತು ನಮ್ಮ ಕೈಯಲ್ಲೇ ಇರುವುದು. ಹಬ್ಬ ಬಂತೆಂದರೆ ಬೆಳ್ಳಿ ಬಟ್ಟಲಿನ ಜೊತೆಗೆ ಈ ರೂಪಾಯಿಗಳನ್ನೂ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿಬಿಡುತ್ತೇವೆ. ಫಳಫಳ ಹೊಳೆಯುತ್ತದೆ ನಿಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ! ತಿಕ್ಕಿದ ಗೀರುಗಳು ಪರೀಕ್ಷಕರ ಕಣ್ಣಿಗೆ ಬಿದ್ದೇ ಬೀಳುತ್ತವೆ. ಅಂಥ ನಾಣ್ಯಕ್ಕೆ ಅಂಕವನ್ನೇ ಕೊಡದೆ "ತೊಳೆದದ್ದು" ಎಂದು ಬರೆದು ಕಳಿಸುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ತೆಗೆದದ್ದಕ್ಕೂ ಇದೇ ಗತಿ. ಕಾಲದಿಂದ ಬಂದ ಕಪ್ಪು ಕೊಳೆಯಲ್ಲ, ಅದನ್ನು ಹಾಗೇ ಬಿಡಿ.

ಪೂಜೆಗೆ ಒಂದೆರಡು ಸವೆದ ರೂಪಾಯಿ ಬೇರೆ ಇಟ್ಟುಕೊಳ್ಳಿ. ಉಳಿದವನ್ನು ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ತೇವವಿಲ್ಲದ ಕಡೆ ಇಡಿ. ಮೆತ್ತನೆಯ ಪಿ.ವಿ.ಸಿ. ಚೀಲ ಬೇಡ, ಅದರಿಂದ ಹಸಿರು ಜಿಡ್ಡು ಹತ್ತುತ್ತದೆ. ಲಕೋಟೆಯ ಮೇಲೆ ಇಸವಿಯನ್ನೂ, ಅದು ಯಾರಿಂದ ಬಂತು, ಯಾವ ಸಂದರ್ಭದಲ್ಲಿ ಕೊಟ್ಟರು ಎಂಬುದನ್ನೂ ಬರೆದಿಡಿ. ಅಜ್ಜಿಯ ಮದುವೆಯಲ್ಲಿ ಮಡಿಲು ತುಂಬಿದ ರೂಪಾಯಿ ಯಾವುದೆಂದು ಯಾವ ಕಂಪನಿಯೂ ಹೇಳಲಾರದು. ಅದನ್ನು ಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ.